ಆಶುನಾಟಕ: ಸಿದ್ಧತೆ ಇಲ್ಲದ ನಾಟಕಕ್ಕೆ ಇಟ್ಟ ಹೆಸರಲ್ಲ

ಕೊಡಗಿನ ಒಂದು ಕಾಲೇಜಿನ ಸುತ್ತೋಲೆ ಈಚೆಗೆ ನನ್ನ ಕೈಗೆ ಬಂತು. ‘ಆಶುನಾಟಕ ಸ್ಪರ್ಧೆ’ ಎಂಬ ದಪ್ಪಕ್ಷರದ ಕೆಳಗೆ ಒಂದು ನಿಯಮ ಹೀಗಿತ್ತು: ‘ಭಾಗವಹಿಸುವ ತಂಡಗಳು ನಾಟಕದ ಹಸ್ತಪ್ರತಿಯನ್ನು 15 ದಿನ ಮುಂಚಿತವಾಗಿ ಸಲ್ಲಿಸತಕ್ಕದ್ದು.’ ಸ್ಪರ್ಧೆಯ ದಿನ ತೀರ್ಪುಗಾರರ ಸಾಲಿನಲ್ಲಿ ಕುಳಿತಿದ್ದ ನಮ್ಮೆದುರು, ಹಾಗೆ ಹಸ್ತಪ್ರತಿ ಸಲ್ಲಿಸಿದ್ದ ತಂಡವೇ ಮಾತು ಮರೆತು ನಿಂತಿತು. ತಂಡದ ನಾಯಕ ಮುಂದೆ ಬಂದು, “ಸಾರ್, ಪ್ರಾಕ್ಟೀಸ್ ಸಾಕಾಗಲಿಲ್ಲ, ಇನ್ನು ಮುಂದಿನದ್ದು ಆಶುನಾಟಕ ಅಂತ ತಿಳ್ಕೊಳ್ಳಿ” ಎಂದು ಕೈಮುಗಿದ. ಆಡುವ ಹೊತ್ತಿನಲ್ಲೇ ಹುಟ್ಟಬೇಕಾದ ಆಶುನಾಟಕ, ಸುತ್ತೋಲೆ ಬರೆದವರಿಗೆ ಚಿಕ್ಕ ನಾಟಕ. ಈ ಹುಡುಗನಿಗೆ ಅದು ಸಿದ್ಧತೆಯಿಲ್ಲದೆ ಕೆಟ್ಟುಹೋದ ನಾಟಕ. ಪದ ಒಂದೇ, ತಪ್ಪು ಎರಡು. ಮೊದಲನೆಯದು ಕೇವಲ ಅಜಾಗರೂಕತೆ, ಅದನ್ನು ಬಿಟ್ಟುಬಿಡೋಣ. ಎರಡನೆಯದು ಮಾತ್ರ ಪದದ ಬುಡಕ್ಕೇ ಕೊಡಲಿ ಹಾಕುವಂಥದ್ದು ಮತ್ತು ಓದಿಕೊಂಡವರ ಬಾಯಲ್ಲೂ ಕೇಳಿಬರುವಂಥದ್ದು. ಈ ಬರಹ ಅದರ ಬಗ್ಗೆ.

‘ಆಶು’ ಎಂಬುದಕ್ಕೆ ಸಂಸ್ಕೃತದಲ್ಲಿ ‘ಬೇಗ’, ‘ವೇಗವಾಗಿ’ ಎಂಬುದೇ ಅರ್ಥ. ‘ಸಿದ್ಧತೆಯಿಲ್ಲದೆ’ ಎಂಬ ಅರ್ಥ ಅದರ ಹತ್ತಿರದಲ್ಲೂ ಸುಳಿಯುವುದಿಲ್ಲ. ಧಾತುವಿನಿಂದ ಪದ ಹುಟ್ಟುವ ಬಗೆ ಹೇಳುವ ಉಣಾದಿ ಸೂತ್ರಗಳ ಪೈಕಿ ಮೊಟ್ಟಮೊದಲನೆಯದರಲ್ಲೇ ವಾಯು, ಸ್ವಾದು, ಸಾಧು ಎಂಬ ಪದಗಳ ಜೊತೆಗೆ ಈ ಪದವೂ ಹುಟ್ಟುತ್ತದೆ. ‘ವ್ಯಾಪಿಸು, ತಲುಪು’ ಎಂಬ ಅರ್ಥದ ಅಶ್ ಧಾತು ಇದಕ್ಕೆ ಮೂಲವೆಂದು ವೈಯಾಕರಣರು ಹೇಳುತ್ತಾರೆ. ಕುದುರೆಯನ್ನು ಹೇಳುವ ‘ಅಶ್ವ’ವನ್ನೂ ಅವರು ಇದೇ ಧಾತುವಿನಿಂದ ಬಿಡಿಸುತ್ತಾರೆ, ಮತ್ತು ವೇದದಲ್ಲಿ ‘ಆಶು’ ಎಂಬ ವಿಶೇಷಣ ಕುದುರೆಗಳ ಬೆನ್ನೇರಿ ಬರುವುದು ಸಾಮಾನ್ಯ. ಗ್ರೀಕಿನ ‘ಓಕುಸ್’ ಎಂಬ, ಅದೇ ವೇಗದ ಅರ್ಥದ ಪದ ಇದರ ದೂರದ ಬಂಧು. ಬಾಣಕ್ಕೂ ಗಾಳಿಗೂ ‘ಆಶುಗ’ ಎಂಬ ಹೆಸರುಂಟು. ಬೇಗ ಒಲಿಯುವ ಶಿವ ‘ಆಶುತೋಷ’; ಅವನು ಪೂರ್ವಸಿದ್ಧತೆಯಿಲ್ಲದೆ ಸಂತೋಷಪಡುವ ದೇವರೆಂದು ಇಲ್ಲಿಯವರೆಗೆ ಯಾರೂ ಅರ್ಥ ಹೇಳಿದ್ದಿಲ್ಲ. ನಾವು ಶೀಘ್ರಲಿಪಿ ಎನ್ನುವುದನ್ನು ಹಿಂದಿಯವರು ‘ಆಶುಲಿಪಿ’ ಎನ್ನುತ್ತಾರೆ. ತಿಂಗಳುಗಟ್ಟಲೆ ಗೆರೆ ತಿದ್ದದೆ ಕೈಗೆ ಹತ್ತದ ವಿದ್ಯೆ ಅದು.

ನನಗೆ ಇವೆಲ್ಲಕ್ಕಿಂತ ಇಷ್ಟವಾದದ್ದು ಗದ್ದೆಯ ಸಾಕ್ಷ್ಯ. ಅಮರಕೋಶದಲ್ಲಿ ‘ಆಶು’ ಎಂಬುದು ಭತ್ತದ ಒಂದು ಜಾತಿಯ ಹೆಸರು ಕೂಡ: ಮಳೆಗಾಲದಲ್ಲಿ ಬೇಗನೆ ಮಾಗುವ ಭತ್ತ. ಬಂಗಾಳದ ರೈತರು ಇವತ್ತಿಗೂ ‘ಆಉಶ್’ ಎನ್ನುವ ಬೆಳೆಯ ಹೆಸರು ಇದರಿಂದಲೇ ಬಂದದ್ದು. ಸುಗ್ಗಿಯ ಹಬ್ಬವಾದ ಪುತ್ತರಿಯವರೆಗೆ ಕದಿರಿಗಾಗಿ ಕಾಯುವ ನಮ್ಮ ಜಿಲ್ಲೆಯವರಿಗೆ ಇದರಲ್ಲಿರುವ ಸೂಕ್ಷ್ಮವನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇಗ ಮಾಗುವ ಭತ್ತವೆಂದರೆ ಉಳದೆ, ಬಿತ್ತದೆ, ಕಳೆ ಕೀಳದೆ ಬರುವ ಭತ್ತವಲ್ಲ. ಮಾಗುವ ಅವಧಿ ಮೊಟಕಾಯಿತೇ ಹೊರತು ಗದ್ದೆಯ ಕೆಲಸದಲ್ಲಿ ಒಂದೂ ಕಡಿಮೆಯಾಗಲಿಲ್ಲ.

ಹಾಗಾದರೆ ‘ಸಿದ್ಧತೆಯಿಲ್ಲದ’ ಎಂಬ ಅರ್ಥ ಎಲ್ಲಿಂದ ಅಂಟಿಕೊಂಡಿತು? ಶಾಲೆಗಳ ಆಶುಭಾಷಣ ಸ್ಪರ್ಧೆಯಿಂದ ಎಂಬುದು ನನ್ನ ಗುಮಾನಿ. ಚೀಟಿ ಎತ್ತಿ ಮಾತನಾಡುವ ಆ ಸ್ಪರ್ಧೆಗೆ ‘ಎಕ್ಸ್‌ಟೆಂಪೋರ್’, ‘ಇಂಪ್ರಾಂಪ್ಟು’ ಎಂಬ ಇಂಗ್ಲಿಷ್ ಹೆಸರುಗಳ ನೆರಳು ಮೊದಲಿನಿಂದ ಇತ್ತು. ಆ ಪದಗಳಿಗೆ ಇಂಗ್ಲಿಷಿನಲ್ಲಿ ರೂಢಿಯಾದ ಅರ್ಥವನ್ನು ನಾವು ಕನ್ನಡ ಪದದ ಮೇಲೆ ಹೊರಿಸಿದೆವು. ಆದರೆ ‘ಇಂಪ್ರಾಂಪ್ಟು’ ಹುಟ್ಟಿದ್ದು ‘ಇನ್ ಪ್ರೋಂಪ್ಟು’ ಎಂಬ ಲ್ಯಾಟಿನ್ ಮಾತಿನಿಂದ, ಮತ್ತು ಅದರ ಅರ್ಥ ‘ಕೈಯಳತೆಯಲ್ಲಿ ಸಿದ್ಧವಾಗಿರುವುದು’ ಎಂದು. ಸಿದ್ಧತೆಯಿಲ್ಲ ಎಂಬುದಕ್ಕೆ ನಾವು ಯಾವ ಪದವನ್ನು ಸಾಕ್ಷಿಗೆ ಕರೆದೆವೋ ಅದು ಕಟಕಟೆಯಲ್ಲಿ ನಿಂತು ತಿರುಗಿ ಬೀಳುತ್ತದೆ. ‘ಇಂಪ್ರೊವೈಸ್’ ಎಂಬುದಂತೂ ‘ಮುಂಗಾಣದ’ ಎಂಬ ಲ್ಯಾಟಿನ್ ಪದದ ಮಗು: ಏನು ಬರುತ್ತದೆಂದು ಗೊತ್ತಿಲ್ಲ ಎಂದಷ್ಟೇ ಅದರ ಅರ್ಥ, ಬಂದದ್ದನ್ನು ಎದುರಿಸಲು ತಯಾರಿಲ್ಲ ಎಂದಲ್ಲ. ಮೂರು ಮೀನುಗಳ ಹಳೆಯ ಕಥೆಯಲ್ಲಿ ಈ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ಬೆಸ್ತರು ಬರುವ ಮೊದಲೇ ಕೊಳ ಬಿಟ್ಟು ಹೋದದ್ದು ಅನಾಗತವಿಧಾತೃ. ಬಲೆಗೆ ಬಿದ್ದ ಮೇಲೆ ಸತ್ತಂತೆ ನಟಿಸಿ ಪಾರಾದದ್ದು ಪ್ರತ್ಯುತ್ಪನ್ನಮತಿ. ಆಗುವುದು ಆಗುತ್ತದೆ ಎಂದು ಕುಳಿತು ಸತ್ತದ್ದು ಯದ್ಭವಿಷ್ಯ. ಆಶುನಟ ಎರಡನೆಯ ಮೀನು, ಅದೂ ನಟನೆಯಿಂದಲೇ ಬದುಕಿದ ಮೀನು. ಕೈಮುಗಿದ ಆ ಹುಡುಗನಂಥವರು ಅವನನ್ನು ಮೂರನೆಯದೆಂದು ತಿಳಿದಿದ್ದಾರೆ.

ಆದ್ದರಿಂದ ಅರ್ಥವನ್ನು ಹೀಗೆ ಇಟ್ಟುಕೊಳ್ಳಬಹುದು: ಮಾತು, ಪಾತ್ರ, ಘಟನೆ ಇವೆಲ್ಲ ಅಥವಾ ಇವುಗಳಲ್ಲಿ ಹೆಚ್ಚಿನವು ಪ್ರೇಕ್ಷಕರ ಎದುರಿನಲ್ಲಿ, ಆಡುತ್ತಿರುವ ಹೊತ್ತಿನಲ್ಲೇ ಹುಟ್ಟುವ ನಾಟಕ ಆಶುನಾಟಕ. ಕಟ್ಟುವುದೂ ಆಡುವುದೂ ಒಂದೇ ಗಳಿಗೆಯಲ್ಲಿ ನಡೆಯುತ್ತದೆ ಎಂಬುದಷ್ಟೇ ಪದದ ಒಳಗಿರುವ ಷರತ್ತು. ತಾಲೀಮಿನಲ್ಲಿ ನಟರು ತೋಚಿದಂತೆ ಆಡಿ, ಚೆನ್ನಾಗಿ ಬಂದದ್ದನ್ನು ಆರಿಸಿ, ಬರೆದು, ಗಟ್ಟಿಮಾಡಿ ಆಡುವ ನಾಟಕ ಇದಲ್ಲ. ಅಲ್ಲಿ ಆಶು ಎಂಬುದು ಅಡುಗೆಮನೆಯಲ್ಲಿ ಮುಗಿದಿರುತ್ತದೆ, ಪಂಕ್ತಿಗೆ ಬರುವುದು ಬೆಂದ ಊಟ. ಬೀದಿನಾಟಕ, ಏಕಪಾತ್ರಾಭಿನಯ, ಮಿಮಿಕ್ರಿ ಯಾವುದೂ ತನ್ನಷ್ಟಕ್ಕೆ ಆಶುನಾಟಕವಲ್ಲ.

ಇದು ಪಶ್ಚಿಮದಿಂದ ಬಂದ ಹೊಸ ಫ್ಯಾಷನ್ ಎನ್ನುವವರು ಸಂಪಾಜೆ ಘಾಟಿ ಇಳಿದು ವೇಷ, ಕುಣಿತವಿಲ್ಲದೆ ಕುಳಿತೇ ನಡೆಸುವ ಯಕ್ಷಗಾನವಾದ ತಾಳಮದ್ದಳೆಯನ್ನು ಒಂದು ರಾತ್ರಿ ಕೇಳಿ ಬರಬೇಕು. ಪ್ರಸಂಗದ ಪದ್ಯ ಭಾಗವತರ ಬಾಯಲ್ಲಿ ಸ್ಥಿರ. ಅದಕ್ಕೆ ಅರ್ಥಧಾರಿ ಕಟ್ಟುವ ಮಾತು ಆ ರಾತ್ರಿಯದು, ಎದುರಿಗೆ ಕುಳಿತವನ ಪ್ರಶ್ನೆಯಿಂದ ಹುಟ್ಟಿದ್ದು, ನಾಳೆ ಸಿಗದು. ಆ ಮಾತು ಬರಬೇಕಾದರೆ ಪುರಾಣ ಗೊತ್ತಿರಬೇಕು, ಪ್ರಸಂಗದ ನಡೆ ಗೊತ್ತಿರಬೇಕು, ಕೃಷ್ಣನಿಗೆ ಒಪ್ಪುವ ಮಾತು ಭೀಮನಿಗೆ ಒಪ್ಪದು ಎಂಬ ಔಚಿತ್ಯ ಗೊತ್ತಿರಬೇಕು. ಹಲವರ ಪ್ರಶ್ನೆಗಳಿಗೆ ಒಟ್ಟೊಟ್ಟಿಗೆ ಪದ್ಯದಲ್ಲಿ ಉತ್ತರಿಸುವ ಅವಧಾನದಲ್ಲಿ ಆಶುಕವಿತೆ ಎಂಬ ಅಂಗವೇ ಉಂಟು, ಮತ್ತು ಅಲ್ಲಿ ಛಂದಸ್ಸು ತಪ್ಪಿದರೆ ಆಶು ಎಂಬ ರಿಯಾಯಿತಿ ಯಾರೂ ಕೊಡುವುದಿಲ್ಲ. ಪಕ್ಕದಲ್ಲಿ ಕುಳಿತು ಅಡ್ಡ ಪ್ರಶ್ನೆ ಕೇಳಿ ಏಕಾಗ್ರತೆ ಕೆಡಿಸಲು ನೋಡುವ ಅಪ್ರಸ್ತುತಪ್ರಸಂಗಿಗೆ ಅವಧಾನಿ ಕೊಡುವ ಉತ್ತರಗಳು ನನ್ನ ಲೆಕ್ಕದಲ್ಲಿ ಅಚ್ಚ ಆಶುನಾಟಕ. ನಮ್ಮ ಕೊಡಗಿನಲ್ಲೇ ದುಡಿ ಎಂಬ ಪುಟ್ಟ ಚರ್ಮವಾದ್ಯ ಬಾರಿಸುತ್ತ ಮನೆಯ, ಒಕ್ಕದ (ಮನೆತನದ) ಹೆಸರು ಸೇರಿಸಿ ಹರಸುವ ಹಾಡುಗಾರರಿಗೆ ಹಾಡಿನ ಚೌಕಟ್ಟು ಪರಂಪರೆಯಿಂದ ಬಂದದ್ದು. 1924ರಲ್ಲಿ ನಡಿಕೇರಿಯಂಡ ಚಿಣ್ಣಪ್ಪನವರ ‘ಪಟ್ಟೋಲೆ ಪಳಮೆ’ ಅಂಥ ಹಾಡುಗಳನ್ನು ಅಚ್ಚಿಗೆ ತಂದಿತು. ಚೌಕಟ್ಟು ಅಷ್ಟು ಗಟ್ಟಿಯಾಗಿದ್ದುದರಿಂದಲೇ ಒಳಗಿನ ಹೆಸರುಗಳು ಸಲೀಸಾಗಿ ಕೂರುತ್ತವೆ.

ದೇವರಪುರದ ಕುಂಡೆ ಹಬ್ಬವೇ ಕೊಡಗಿನ ಮೂಲ ಆಶುನಾಟಕ ಎಂದು ಉತ್ಸಾಹದಿಂದ ಹೇಳುವವರಿದ್ದಾರೆ. ಮೇ ತಿಂಗಳಲ್ಲಿ ಕಾಡಿನ ಜನ ಸಿಕ್ಕಸಿಕ್ಕ ವೇಷ ತೊಟ್ಟು, ಗಂಡಸರು ಹೆಣ್ಣುಡುಗೆ ಉಟ್ಟು, ಎದುರಾದವರನ್ನು ಬೈದು ಹಾಡಿ ಕಾಸು ಕೇಳುವ ಆ ಹಬ್ಬದಲ್ಲಿ ವೇಷವೂ ಇದೆ, ತತ್‌ಕ್ಷಣದ ಮಾತೂ ಇದೆ, ನಿಜ. ಆದರೆ ಅದು ಅಯ್ಯಪ್ಪ, ಭದ್ರಕಾಳಿಯರ ಸನ್ನಿಧಿಗೆ ಸಲ್ಲುವ ಆಚರಣೆ. ಅದಕ್ಕೆ ನಾಟಕದ ಹಣೆಪಟ್ಟಿ ಹಚ್ಚುವುದರಿಂದ ನಾಟಕಕ್ಕೂ ಲಾಭವಿಲ್ಲ, ಹಬ್ಬಕ್ಕೂ ಗೌರವವಿಲ್ಲ.

ಪಶ್ಚಿಮದ ಕಥೆ ನಮ್ಮ ಚರ್ಚೆಗೆ ಬೇಕಾದಷ್ಟು ಮಾತ್ರ. ಇಟಲಿಯ ಕೊಮೆದಿಯಾ ದೆಲ್ಲಾರ್ತೆ ಮೇಳಗಳ ಪೈಕಿ ನಮಗೆ ಸಿಗುವ ಅತಿ ಹಳೆಯ ಕರಾರು ಪತ್ರ 1545ರ ಪಾದುವಾ ಊರಿನದು. ಅಲ್ಲಿ ಕಥೆಯ ಎಲುಬು ಮತ್ತು ಮುಖವಾಡಗಳು ನಿಗದಿ, ಮಾತು ನಟನದು. ಇಪ್ಪತ್ತನೆಯ ಶತಮಾನದಲ್ಲಿ ಇದನ್ನು ಕಲಿಸಬಹುದಾದ ವಿದ್ಯೆಯನ್ನಾಗಿ ಮಾಡಿದವರಲ್ಲಿ ಷಿಕಾಗೋದ ವಯೋಲಾ ಸ್ಪೋಲಿನ್ ಮುಖ್ಯರು. ವಲಸೆ ಬಂದ ಮಕ್ಕಳ ನಡುವೆ ಕೆಲಸ ಮಾಡಿದ ಅವರು, ನೀವಾ ಬಾಯ್ಡ್ ಎಂಬ ಶಿಕ್ಷಕಿಯಿಂದ ಕಲಿತ ಮಕ್ಕಳಾಟಗಳನ್ನೇ ನಟನೆಯ ಪಾಠವಾಗಿ ತಿರುಗಿಸಿದರು. 1963ರಲ್ಲಿ ಬಂದ ಅವರ ಪುಸ್ತಕ ಇವತ್ತಿಗೂ ಶಿಬಿರಗಳ ಕೈಪಿಡಿ. ಅವರ ಮಗ ಪಾಲ್ ಸಿಲ್ಸ್ 1959ರಲ್ಲಿ ಷಿಕಾಗೋದಲ್ಲೇ ಸೆಕೆಂಡ್ ಸಿಟಿ ಎಂಬ ತಂಡವನ್ನು ಹುಟ್ಟುಹಾಕಿದವರಲ್ಲಿ ಒಬ್ಬರು. ಇತ್ತ ಇಂಗ್ಲೆಂಡಿನ ಕೀತ್ ಜಾನ್‌ಸ್ಟನ್ ಕೆನಡಾದ ಕ್ಯಾಲ್ಗರಿಗೆ ಹೋಗಿ 1977ರಲ್ಲಿ ಲೂಸ್ ಮೂಸ್ ಎಂಬ ರಂಗತಂಡ ಕಟ್ಟಿದರು, ಆಶುನಟನೆಯನ್ನು ಕುಸ್ತಿ ಪಂದ್ಯದಂತೆ ಎರಡು ತಂಡಗಳ ಸ್ಪರ್ಧೆಯನ್ನಾಗಿಸಿದರು.

ಈ ಶಿಬಿರಗಳಲ್ಲಿ ಹೇಳಿಕೊಡುವ ಮೊದಲ ಸೂತ್ರವನ್ನು ‘ಹೌದು, ಮತ್ತು’ ಎಂದು ಕನ್ನಡಿಸುವುದು ಚಾಲ್ತಿಯಲ್ಲಿದೆ. ನನಗೆ ಅದು ಒಣ ಅನುವಾದವಾಗಿ ಕೇಳುತ್ತದೆ. ಅಜ್ಜಿ ಕಥೆ ಹೇಳುವಾಗ ಮಕ್ಕಳು ‘ಹೂಂ’ಗುಟ್ಟದಿದ್ದರೆ ಕಥೆ ನಿಂತುಹೋಗುತ್ತಿತ್ತಲ್ಲ, ಅದೇ ಇದು, ಕೇಳುವವನು ‘ಹೂಂ’ ಎಂದಷ್ಟೇ ಅನ್ನದೆ ಮುಂದಿನ ತುತ್ತನ್ನೂ ತಾನೇ ಕಲಸಬೇಕು, ಅಷ್ಟು ವ್ಯತ್ಯಾಸ. ಮಡಿಕೇರಿಯಲ್ಲಿ ನಾನು ಕುಳಿತು ನೋಡಿದ ಒಂದು ಅಭ್ಯಾಸದಲ್ಲಿ, ಒಬ್ಬ ಹುಡುಗ ಓಡಿ ಬಂದು ಇನ್ನೊಬ್ಬನಿಗೆ, “ಮಾವಾ, ಕಣದಲ್ಲಿ ಕಾಫಿ ಹಾಗೇ ಉಂಟು, ಮೋಡ ಕಟ್ಟಿ ಬಂತು” ಎಂದ. ಇನ್ನೊಬ್ಬ, “ಯಾವ ಮಾವ? ನಾನು ಬಸ್ಸಿಗೆ ಕಾಯ್ತಾ ಇದ್ದೇನೆ” ಎಂದುಬಿಟ್ಟ. ಸಭೆ ನಕ್ಕಿತು, ದೃಶ್ಯ ಅಲ್ಲೇ ಸತ್ತಿತು; ಮೊದಲಿನವನಿಗೆ ಮುಂದೆ ಆಡಲು ಏನೂ ಉಳಿಯಲಿಲ್ಲ. ಕಲಿಸುತ್ತಿದ್ದವರು ಅದೇ ಮಾತಿನಿಂದ ಮತ್ತೆ ಶುರುಮಾಡಿಸಿದರು. ಈ ಸಲ ಉತ್ತರ ಬಂತು: “ಟಾರ್ಪಲ್ ಎಲ್ಲಿ ಉಂಟು ಮಾರಾಯ? ಮದುವೆ ಚಪ್ಪರಕ್ಕೆ ಅಂತ ನಿನ್ನಪ್ಪ ತಗೊಂಡು ಹೋಗಿ ತಿಂಗಳಾಯ್ತು. ನೆನೆದರೆ ನೆನೀಲಿ, ನಾನಂತೂ ಏಳುವುದಿಲ್ಲ.” ಎರಡು ಮೂರು ವಾಕ್ಯಗಳಲ್ಲಿ ಸಂಬಂಧ ಬಂತು, ಹಳೆಯ ಬಾಕಿ ಬಂತು, ಒಂದು ಮದುವೆ ಬಂತು. ಅಳಿಯನಿಗೆ ಎಟಕುವ ಮಾತು ಈಗ ನೂರು: “ಆ ಮದುವೆಗೆ ನೀವು ಬರಲಿಲ್ಲ ಅಂತ ಅಪ್ಪನಿಗೂ ಕೋಪ ಉಂಟು ಮಾವಾ.”

ಇಲ್ಲಿ ಮಾವ ಎದ್ದು ಹೋಗಲಿಲ್ಲ ಎಂಬುದನ್ನು ಗಮನಿಸಬೇಕು. ‘ಹೌದು’ ಅನ್ನುವುದೆಂದರೆ ಪಾತ್ರಗಳು ಎಲ್ಲದಕ್ಕೂ ತಲೆಯಾಡಿಸುವುದು ಎಂದು ತಿಳಿದು, ಜಗಳವೇ ಇಲ್ಲದ ಸಪ್ಪೆ ದೃಶ್ಯಗಳನ್ನು ಆಡುವ ತಂಡಗಳನ್ನು ನೋಡಿ ನೋಡಿ ಸಾಕಾಗಿದೆ. ಒಪ್ಪಬೇಕಾದವನು ನಟ, ಒಪ್ಪಬೇಕಾದದ್ದು ಎದುರಿನವನು ಹುಟ್ಟಿಸಿದ ಲೋಕವನ್ನು: ಕಣ ಇದೆ, ಮೋಡ ಇದೆ, ನಾನು ಮಾವ. ಆ ಲೋಕದೊಳಗೆ ಪಾತ್ರ ಎಷ್ಟು ಬೇಕಾದರೂ ಹಟ ಮಾಡಬಹುದು.

ಜಾನ್‌ಸ್ಟನ್ ಅಂತಸ್ತಿನ ಆಟಗಳಿಗೆ ಬಹಳ ಮಹತ್ವ ಕೊಟ್ಟವರು: ಇಬ್ಬರು ಮಾತನಾಡುವಾಗ ಯಾರು ಮೇಲೆ, ಯಾರು ಕೆಳಗೆ ಎಂಬುದು ನಿಲುವು, ನೋಟ, ತಡೆಗಳಿಂದ ಕ್ಷಣಕ್ಷಣಕ್ಕೆ ಬದಲಾಗುತ್ತದೆ. ಇಂಗ್ಲಿಷಿನಲ್ಲಿ ಇದನ್ನೆಲ್ಲ ಮೈಯಿಂದಲೇ ತೋರಿಸಬೇಕು. ಕನ್ನಡದಲ್ಲಿ ‘ನೀನು’, ‘ನೀವು’, ‘ತಾವು’ ಎಂಬ ಮೂರು ಮೆಟ್ಟಿಲು ನಾಲಗೆಯ ತುದಿಯಲ್ಲೇ ಇವೆ, ಆದರೂ ನಮ್ಮ ಶಿಬಿರಗಳು ಇಂಗ್ಲಿಷ್ ಟಿಪ್ಪಣಿ ಹಿಡಿದುಕೊಂಡು ಇದನ್ನು ಬಳಸುವುದೇ ಇಲ್ಲ. ತೋಟದ ಧಣಿ ಲೆಕ್ಕ ಬರೆಯಲು ಬಂದ ಹೊಸ ರೈಟರನಿಗೆ “ನೀನು ಎಲ್ಲಿಯವ?” ಎಂದು ಕೇಳಿ, ಅವನು ಹಳೆಯ ಲೆಕ್ಕದ ಪುಸ್ತಕದ ಹೆಸರೆತ್ತಿದ ಮೇಲೆ “ನೀವು ಕೂತ್ಕೊಳ್ಳಿ” ಎಂದರೆ, ಆ ಪುಸ್ತಕದಲ್ಲಿ ಏನಿದೆಯೆಂದು ಯಾರೂ ಹೇಳದೆಯೇ ಪ್ರೇಕ್ಷಕ ಮುಂದಕ್ಕೆ ಬಾಗುತ್ತಾನೆ.

ಪ್ರಚಾರದ ಪೋಸ್ಟರುಗಳ ಬಗ್ಗೆ ಒಂದು ಮಾತು. ಬೆಂಗಳೂರಿನ ಕಂಪನಿಗಳು ನಮ್ಮ ರೆಸಾರ್ಟುಗಳಿಗೆ ಬಂದು ನಡೆಸುವ ‘ಇಂಪ್ರಾವ್ ಸೆಷನ್’ಗಳ ಬಗ್ಗೆ ನನಗೆ ತಕರಾರಿಲ್ಲ, ಕಾಫಿ ಕುಡಿದು, ಕನ್ನಡಿ ಆಟ ಆಡಿ, ನಕ್ಕು ಹೋಗುತ್ತಾರೆ. ಆದರೆ ‘ಯಾವ ತರಬೇತಿಯೂ ಬೇಡ, ತೋಚಿದ್ದನ್ನು ಮಾಡಿ’ ಎಂದು ಬರೆದು, ಅದರ ಕೆಳಗೇ ‘ಮೂರು ದಿನಗಳ ತರಬೇತಿ ಶಿಬಿರ’ ಎಂದು ಶುಲ್ಕ ನಮೂದಿಸುವವರು ಯಾವ ಸಾಲನ್ನಾದರೂ ಒಂದನ್ನು ಅಳಿಸಬೇಕು. ನಾನಾದರೆ ಮೇಲಿನದನ್ನು ಅಳಿಸುತ್ತೇನೆ. ಕಾಲೇಜಿನ ಸುತ್ತೋಲೆಗೂ ಅಷ್ಟೇ ತಿದ್ದುಪಡಿ ಸಾಕು: ‘ವಿಷಯವನ್ನು ವೇದಿಕೆಯಲ್ಲೇ ಕೊಡಲಾಗುವುದು.’

ಇನ್ನು ಬರವಣಿಗೆ. ಆಶುನಾಟಕ, ಆಶುನಟ ಎಂಬುವನ್ನು ಕೂಡಿಸಿ ಬರೆಯಬೇಕು. ‘ಅಂಶುನಾಟಕ’ ಎಂದು ಒಂದು ಬ್ಯಾನರಿನಲ್ಲಿ ಕಂಡದ್ದು ಸೂರ್ಯಕಿರಣದ ನಾಟಕವಾಗುತ್ತದೆ. ‘ಆಶು ಅಭಿನಯ’ವನ್ನು ಮಾತ್ರ ಬಿಡಿಸಿಯೇ ಬರೆಯುವುದು ಕ್ಷೇಮ. ವ್ಯಾಕರಣದ ಹಟಕ್ಕೆ ಬಿದ್ದು ಯಣ್ ಸಂಧಿ ಮಾಡಿದರೆ ಅದು ‘ಆಶ್ವಭಿನಯ’ವಾಗುತ್ತದೆ, ಶಾಸ್ತ್ರದ ಪ್ರಕಾರ ಸರಿ, ಆದರೆ ಅಚ್ಚಿನಮನೆಯವರು ಅದನ್ನು ‘ಅಶ್ವಾಭಿನಯ’ ಎಂದು ತಿದ್ದದೆ ಬಿಡುವುದಿಲ್ಲ, ಆಮೇಲೆ ಕುದುರೆ ವೇಷ ತೊಟ್ಟು ಬಂದವರಿಗೆ ಬಹುಮಾನ ಇಲ್ಲವೆನ್ನಲು ತೀರ್ಪುಗಾರರಿಗೆ ಬಾಯಿರುವುದಿಲ್ಲ.