ಡ್ರಿಲ್ ಪ್ರೆಸ್‌ನಲ್ಲಿ ಚೌಕ ತೂತು: ನಾಣ್ಯ ಎಲ್ಲಿಡಬೇಕು?

ಕಾಫಿ ಕಣದ ಪಕ್ಕದ ಶೆಡ್‌ನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಎದುರಿಗೆ ತುದಿ ನೀಲಿಯಾಗಿ ಸುಟ್ಟ ಒಂದು ಉಳಿ ಇದೆ. ಅದು ಯಾಕೆ ಸುಟ್ಟಿತು ಅಂತ ನನಗೆ ಅರ್ಥವಾಗಲು ಎರಡು ಭಾನುವಾರ ಬೇಕಾಯಿತು. ಮರೆಯುವ ಮೊದಲು ಬರೆದಿಡೋಣ ಅಂತ.

ಮಾಡಲು ಹೊರಟದ್ದು ಸಿಲ್ವರ್ ಓಕ್‌ನ ಒಂದು ಬೆಂಚು. ತೋಟದಲ್ಲಿ ನೆರಳಿಗೆ ನಿಂತಿದ್ದ ಮರ, ಕೊಯ್ಸಿ ಒಣಗಿಸಿಟ್ಟಿದ್ದೆ. ಕಾಲುಗಳಿಗೆ ಮಾರ್ಟೀಸ್ ಅಂದರೆ ಚೌಕ ತೂತು, ಅಡ್ಡಪಟ್ಟಿಗೆ ಟೆನನ್ ಅಂದರೆ ಆ ತೂತಿಗೆ ಕೂರುವ ನಾಲಿಗೆ. ಒಟ್ಟು ಹದಿನಾರು ತೂತು. ಕೊಡತಿ, ಉಳಿ ಹಿಡಿದು ಹದಿನಾರು ತೂತು ಹೊಡೆಯುವಷ್ಟು ಕೈ ನನಗಿನ್ನೂ ಕುದುರಿಲ್ಲ. ಹೇಗೂ ಡ್ರಿಲ್ ಪ್ರೆಸ್, ಅಂದರೆ ಕಂಬಕ್ಕೆ ಕೂರಿಸಿದ, ಹಿಡಿಕೆ ಎಳೆದು ಇಳಿಸುವ ಡ್ರಿಲ್ ಇತ್ತು, ಅದಕ್ಕೆ ಮಾರ್ಟೈಸಿಂಗ್ ಅಟ್ಯಾಚ್‌ಮೆಂಟ್ ತರಿಸಿದೆ.

ಇದು ಕೆಲಸ ಮಾಡುವ ಬಗೆ

ಒಳಗೆ ಒಂದು ಬಿಟ್ ತಿರುಗುತ್ತದೆ. ಹೊರಗೆ ಟೊಳ್ಳಾದ ಚೌಕ ಉಳಿ ಇರುತ್ತದೆ, ಅದು ತಿರುಗುವುದಿಲ್ಲ. ಬಿಟ್ ದುಂಡಗೆ ತೂತು ಕೊರೆಯುತ್ತದೆ, ಹಿಂದೆಯೇ ಉಳಿ ಇಳಿದು ನಾಲ್ಕು ಮೂಲೆಯನ್ನು ಕಡಿಯುತ್ತದೆ. ಬಿಟ್ಟನ್ನು ಮೆಷಿನ್ನಿನ ತಿರುಗುವ ಹಿಡಿ, ಅಂದರೆ ಚಕ್, ಹಿಡಿಯುತ್ತದೆ. ಉಳಿಯನ್ನು ಹಿಡಿಯುವುದು ಕ್ವಿಲ್‌ನ ಕುತ್ತಿಗೆಗೆ ಬಿಗಿದ ಹೋಲ್ಡರ್. ಹಿಡಿಕೆ ಎಳೆದಾಗ ಚಕ್ ಜೊತೆ ಇಳಿದೇರುವ ನಳಿಗೆಯೇ ಕ್ವಿಲ್. ಹಿಡಿದವರು ಇಬ್ಬರು ಬೇರೆ ಬೇರೆ ಅನ್ನೋದನ್ನು ನೆನಪಿಡಿ. ನಾನು ಎಡವಿದ್ದು ಇಲ್ಲೇ.

ಕೊಳ್ಳುವ ಮೊದಲು ಕ್ವಿಲ್ ಕುತ್ತಿಗೆಯ ಅಡ್ಡಳತೆ ಅಳೆದುಕೊಳ್ಳಿ. ಹೋಲ್ಡರ್ ಎಲ್ಲ ಮೆಷಿನ್ನಿಗೂ ಕೂರುವುದಿಲ್ಲ. ಚಕ್ ಉದ್ದವಾಗಿದ್ದರೆ ಹೋಲ್ಡರ್ ಒಳಗೆ ಜಾಗವೂ ಸಾಲದೆ ಹೋಗಬಹುದು.

ನಾಣ್ಯದ ಗೊಂದಲ

ಬಿಟ್‌ನ ತುದಿ ಅಗಲ, ಮೇಲಿನ ಕಡ್ಡಿ ಸಣ್ಣ. ಅಗಲವಾದ ತುದಿ ಉಳಿಯ ಬಾಯಿಯಿಂದ ಸ್ವಲ್ಪ ಕೆಳಗೆ ನಿಂತು ತಿರುಗಬೇಕು. ಆ ಸಂದು 1 ರಿಂದ 2 ಮಿ.ಮೀ. ಇದ್ದರೆ ಸಾಕು. ಸಂದು ಇಲ್ಲದಿದ್ದರೆ ಉಕ್ಕಿಗೆ ಉಕ್ಕು ಉಜ್ಜುತ್ತದೆ, ಕಿರುಚುತ್ತದೆ, ಕಾಯುತ್ತದೆ. ಉಕ್ಕು ನೀಲಿಗೆ ತಿರುಗಿತು ಅಂದರೆ ಸುಮಾರು 300 ಡಿಗ್ರಿ ಮುಟ್ಟಿದೆ ಅಂತ ಲೆಕ್ಕ. ಹದ ಹೋಯಿತು, ಆ ಉಳಿಯಲ್ಲಿ ಇನ್ನು ಮೊನೆ ನಿಲ್ಲುವುದಿಲ್ಲ. ಸಂದು ತೀರಾ ಜಾಸ್ತಿಯಾದರೆ ದಪ್ಪ ದಪ್ಪ ಚೂರು ಒಳಗೆ ಹೋಗಿ ಸಿಕ್ಕಿಕೊಳ್ಳುತ್ತದೆ.

ಸಂದನ್ನು ಅಳೆಯಲು ನಾಣ್ಯ ಇಡಿ ಅಂತ ಎಲ್ಲರೂ ಹೇಳುತ್ತಾರೆ. ಒಂದು ರೂಪಾಯಿ ನಾಣ್ಯ ಹೆಚ್ಚುಕಮ್ಮಿ ಒಂದೂವರೆ ಮಿ.ಮೀ. ದಪ್ಪ, ಸರಿಯಾಗಿ ಹೊಂದುತ್ತದೆ. ಆದರೆ ಇಡೋದು ಎಲ್ಲಿ? ಸಂದು ಬೇಕಾದದ್ದು ಕೆಳಗೆ ತುದಿಯಲ್ಲಿ, ಹಾಗಾಗಿ ತುದಿಯಲ್ಲೇ ಇಡಲು ಹೋದೆ. ನಡುವೆ ಬಿಟ್‌ನ ಕಡ್ಡಿ ಇದೆಯಲ್ಲ, ನಾಣ್ಯ ಕೂರುವುದಾದರೂ ಹೇಗೆ?

ನಾಣ್ಯ ಇಡಬೇಕಾದದ್ದು ಮೇಲೆ. ಉಳಿಗೆ ಒಂದು ದಪ್ಪ ಭುಜ ಇದೆ. ಆ ಭುಜ ಮತ್ತು ಹೋಲ್ಡರ್‌ನ ನಡುವೆ. ಪ್ಲಗ್ ಕಿತ್ತಿಟ್ಟು ಹೀಗೆ ಮಾಡಿ:

ಉಳಿಯನ್ನು ಹೋಲ್ಡರ್‌ಗೆ ತೂರಿಸಿ, ಭುಜದ ಮೇಲೆ ನಾಣ್ಯ ಇಟ್ಟು ಮೇಲಕ್ಕೆ ಒತ್ತಿ, ತಿರುಪು ಮೆತ್ತಗೆ ಬಿಗಿಯಿರಿ. ಕೆಳಗಿನಿಂದ ಬಿಟ್ ತೂರಿಸಿ. ಅದರ ಅಗಲ ತುದಿ ಉಳಿಯ ಬಾಯಿಗೆ ತಾಗುವವರೆಗೆ ಮೇಲೆ ತಳ್ಳಿ. ಹೌದು, ತಾಗಲೇಬೇಕು. ಈಗ ಚಕ್ ಬಿಗಿ ಮಾಡಿ. ಆಮೇಲೆ ಹೋಲ್ಡರ್ ತಿರುಪು ಸಡಿಲಿಸಿ, ನಾಣ್ಯ ತೆಗೆದು, ಉಳಿಯನ್ನು ಮಾತ್ರ ಮೇಲಕ್ಕೆ ದೂಡಿ. ಭುಜ ಹೋಲ್ಡರ್‌ಗೆ ತಾಗಿ ನಿಲ್ಲುತ್ತದೆ. ಮತ್ತೆ ಬಿಗಿಯಿರಿ.

ನಾನು ಕೊನೆಯ ಹೆಜ್ಜೆಯನ್ನೇ ಬಿಟ್ಟಿದ್ದೆ. ನಾಣ್ಯ ತೆಗೆದೆ, ಉಳಿಯನ್ನು ದೂಡಲಿಲ್ಲ. ದೂಡಿದರೆ ಬಿಟ್ ಕೂಡ ಜೊತೆಗೇ ಮೇಲೆ ಹೋಗುತ್ತದೆ, ಅಂದಮೇಲೆ ಏನು ಪ್ರಯೋಜನ ಅಂತ ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಹೋಗುವುದಿಲ್ಲ! ಬಿಟ್ ಆಗಲೇ ಚಕ್‌ನ ಹಿಡಿತದಲ್ಲಿದೆ. ಪೆನ್ನಿನ ರೀಫಿಲ್ಲನ್ನು ಗಟ್ಟಿ ಹಿಡಿದುಕೊಂಡು ಹೊರಗಿನ ನಳಿಗೆಯನ್ನಷ್ಟೇ ಹಿಂದೆ ಎಳೆದರೆ ಏನಾಗುತ್ತದೆ? ರೀಫಿಲ್ ತುದಿ ಹೊರಗೆ ಇಣುಕುತ್ತದೆ. ಅಷ್ಟೇ ವಿಷಯ. ಉಳಿ ಮೇಲೆ ಹೋದಷ್ಟೇ ಸಂದು ಕೆಳಗೆ ಹುಟ್ಟುತ್ತದೆ. ನಾಣ್ಯದ ದಪ್ಪ ಮೇಲಿನಿಂದ ಕೆಳಕ್ಕೆ ವರ್ಗವಾಯಿತು ಅಂದುಕೊಳ್ಳಿ. ಇದು ಹೊಳೆದದ್ದು ಶೆಡ್ಡಿನಲ್ಲಿ ಅಲ್ಲ, ಅಳತೆ ಗೀಚುತ್ತಾ ಪೆನ್ನು ಬಿಚ್ಚಿ ಕೂತಿದ್ದಾಗ.

ಪ್ಲಗ್ ಹಾಕುವ ಮೊದಲು ಚಕ್ಕನ್ನು ಕೈಯಲ್ಲೇ ಒಂದು ಸುತ್ತು ತಿರುಗಿಸಿ ನೋಡಿ. ಉಜ್ಜುವ ಸದ್ದು ಬಂದರೆ ಮತ್ತೆ ಮೊದಲಿನಿಂದ ಶುರು. ಚಕ್ ಕೀಲಿ ಅದರಲ್ಲೇ ಬಿಟ್ಟಿಲ್ಲ ಅಂತಲೂ ನೋಡಿಕೊಳ್ಳಿ.

ನೇರ ಮಾಡುವುದು

ಮರ ಒರಗುವ ನೇರ ಪಟ್ಟಿಗೆ, ಅಂದರೆ ಫೆನ್ಸ್‌ಗೆ, ಮೂಲೆಮಟ್ಟ ಇಟ್ಟು ಅದರ ಅಲಗನ್ನು ಉಳಿಯ ಮೈಗೆ ತಾಗಿಸಿ. ಬೆಳಕು ಕಾಣಬಾರದು. ಉಳಿ ಸ್ವಲ್ಪ ತಿರುಚಿದ್ದರೂ ತೂತಿನ ಗೋಡೆ ಗರಗಸದ ಹಲ್ಲಿನಂತೆ ಬರುತ್ತದೆ. ಉಳಿಯ ಪಕ್ಕದಲ್ಲಿರುವ ಕಿಂಡಿಯಿಂದ ಬಿಸಿ ಹೊಟ್ಟು ಹಾರುತ್ತದೆ, ಅದನ್ನು ಎಡಕ್ಕೋ ಬಲಕ್ಕೋ ತಿರುಗಿಸಿಡಿ, ನಿಮ್ಮ ಕಡೆಗೆ ಬೇಡ. ಕನ್ನಡಕ ಹಾಕಿಕೊಳ್ಳಿ. ಆಳಕ್ಕೆ, ಇಳಿತವನ್ನು ತಡೆದು ನಿಲ್ಲಿಸುವ ಡೆಪ್ತ್ ಸ್ಟಾಪ್: ನಾಲಿಗೆಯ ಉದ್ದಕ್ಕಿಂತ 2 ಮಿ.ಮೀ. ಜಾಸ್ತಿ, ಅಂಟಿಗೆ ಜಾಗ ಬೇಕು. ಅಗಲಕ್ಕೆ ಮರದ ದಪ್ಪದಲ್ಲಿ ಮೂರನೇ ಒಂದು. ನನ್ನ ಪಟ್ಟಿ 30 ಮಿ.ಮೀ., ಹಾಗಾಗಿ 10ರ ಉಳಿ.

ಯಾವ ತೂತು ಮೊದಲು

ಮಾರ್ಟೀಸ್ ಉಳಿಗಿಂತ ಉದ್ದ, ಹಾಗಾಗಿ ಒಂದೇ ಮಾರ್ಟೀಸಿಗೆ ಉಳಿಯನ್ನು ಹಲವು ಸಲ ಇಳಿಸಬೇಕು. ಒಂದು ತುದಿಯಿಂದ ಶುರುಮಾಡಿ ಸಾಲಾಗಿ ಹೋದೆ. ಎರಡನೇ ಇಳಿತಕ್ಕೇ ಉಳಿ ಮೊದಲ ತೂತಿನ ಕಡೆ ವಾಲಿತು. ನಮ್ಮೂರಿನ ಆಚಾರ್ರು ನೋಡಿ ನಕ್ಕರು. ಅವರು ಈ ಮೆಷಿನ್ ಮುಟ್ಟಿದವರೇ ಅಲ್ಲ.

"ಒಂದು ಕಡೆ ಮರ, ಒಂದು ಕಡೆ ಗಾಳಿ. ಉಳಿ ಗಾಳಿ ಕಡೆಗೆ ಹೋಗದೆ ಇನ್ನೆಲ್ಲಿಗೆ ಹೋಗ್ತದೆ ಮಾರಾಯ?"

"ಮತ್ತೆ ಹೇಗೆ ಹೊಡೀಲಿ ಆಚಾರ್ರೇ?"

"ಎರಡೂ ಕಡೆ ಸಮ ಇರಲಿ. ಮರ ಇದ್ರೆ ಎರಡೂ ಕಡೆ, ಇಲ್ದಿದ್ರೆ ಎರಡೂ ಕಡೆ ಇಲ್ಲ."

ಇದನ್ನೇ ಲೆಕ್ಕ ಹಾಕಿದೆ. ನನ್ನ ತೂತಿನ ಉದ್ದ 46 ಮಿ.ಮೀ. ಮೊದಲು ಎರಡು ತುದಿ: 0 ರಿಂದ 10, 36 ರಿಂದ 46. ಆಮೇಲೆ ನಡುವೆ 18 ರಿಂದ 28. ಈ ಮೂರಕ್ಕೂ ಸುತ್ತ ಮರ ಇದೆ. ಉಳಿಯುವುದು 8 ಮಿ.ಮೀ.ನ ಎರಡು ದಿಬ್ಬ. 8ರ ದಿಬ್ಬದ ನಟ್ಟನಡುವೆ 10ರ ಉಳಿ ಇಳಿಸಿದರೆ ಎರಡೂ ಕಡೆ ಒಂದೊಂದು ಮಿ.ಮೀ. ಗಾಳಿ, ಸಮ. ದಿಬ್ಬ ಯಾವಾಗಲೂ ಉಳಿಗಿಂತ ಸ್ವಲ್ಪ ಕಿರಿದಾಗಿರಲಿ.

ಒತ್ತುವುದು, ಎಳೆಯುವುದು

ಮೆಲ್ಲಗೆ ಒತ್ತಿದರೆ ಒಳ್ಳೇದು ಅಂದುಕೊಂಡಿದ್ದೆ, ತಪ್ಪು. 10 ಮಿ.ಮೀ. ಚೌಕದ ವಿಸ್ತೀರ್ಣ 100, ಅದರೊಳಗಿನ ವೃತ್ತದ್ದು ಸುಮಾರು 78.5. ಉಳಿದ ಐದರಲ್ಲಿ ಒಂದು ಪಾಲನ್ನು ಮೋಟಾರ್ ಕೊರೆಯುವುದಿಲ್ಲ, ನಿಮ್ಮ ತೋಳು ಕಡಿಯಬೇಕು. ಅಳುಕದೆ ಗಟ್ಟಿಯಾಗಿ ಒತ್ತಿ, ಐದಾರು ಮಿ.ಮೀ. ಇಳಿದ ಮೇಲೆ ಸ್ವಲ್ಪ ಎತ್ತಿ ಹೊಟ್ಟು ಬಿಡಿಸಿ, ಮತ್ತೆ ಒತ್ತಿ. ಸುಮ್ನೆ ಸವರುತ್ತಾ ನಿಂತರೆ ಬರೀ ಉಜ್ಜಾಟ, ಹೊಗೆ. ವೇಗ ನಾನು ನಿಮಿಷಕ್ಕೆ ಸಾವಿರ ಸುತ್ತಿನ ಆಸುಪಾಸಿಗೆ ಇಳಿಸಿಕೊಂಡೆ. ಉಳಿ ದಪ್ಪವಾದಷ್ಟೂ, ಮರ ಗಟ್ಟಿಯಾದಷ್ಟೂ ವೇಗ ಇಳಿಸಬೇಕು.

ಮೇಲೆತ್ತುವಾಗ ಉಳಿ ಮರವನ್ನು ಕಚ್ಚಿಕೊಂಡು ಅದನ್ನೂ ಎತ್ತುತ್ತದೆ. ಅಟ್ಯಾಚ್‌ಮೆಂಟ್ ಜೊತೆ ಕವೆಯಂಥ ಒಂದು ಕಬ್ಬಿಣ ಬರುತ್ತದಲ್ಲ, ಅದು ಮರವನ್ನು ಮೇಲಿಂದ ಅದುಮಿ ಹಿಡಿಯಲು ಇರುವುದು. ಅಲಂಕಾರಕ್ಕಲ್ಲ. ಕೈಯಲ್ಲಿ ಹಿಡಿಯುತ್ತೇನೆ ಅಂತ ಹೋಗಬೇಡಿ.

ಸಿಲ್ವರ್ ಓಕ್ ಇದಕ್ಕೆಲ್ಲ ಸುಲಭವಾಗಿ ಒಗ್ಗಿತು. ಬೀಟೆಯ ಒಂದು ತುಂಡಿನಲ್ಲಿ 12ರ ಉಳಿ ಇಳಿಸಲು ಹೋಗಿ ಹಿಡಿಕೆಗೆ ಜೋತುಬಿದ್ದದ್ದೇ ಬಂತು. ಇದಕ್ಕೆಂದೇ ಇರುವ ಮೆಷಿನ್ನಿನ ಉದ್ದ ಹಿಡಿಕೆಯ ಬಲ ಡ್ರಿಲ್ ಪ್ರೆಸ್‌ನ ಹಿಡಿಕೆಗೆ ಇಲ್ಲ. ಸಂಜೆ ಹೊತ್ತು ವೋಲ್ಟೇಜ್ ಬಿದ್ದಾಗಂತೂ ಈ ಕೆಲಸ ಬೇಡ. ಮೋಟಾರ್ ಗೊರಗುಟ್ಟಿ ನಿಲ್ಲುತ್ತದೆ, ಬಿಟ್ ಒಳಗೇ ಸಿಕ್ಕಿಕೊಳ್ಳುತ್ತದೆ.

ಹೊಸ ಉಳಿಯನ್ನು ಡಬ್ಬದಿಂದ ತೆಗೆದ ಹಾಗೇ ಬಳಸಬೇಡಿ. ಬಾಯಿಯ ಒಳ ಇಳಿಜಾರನ್ನು ಶಂಕುವಿನಾಕಾರದ ಸಾಣೆಕಲ್ಲಿನಿಂದ ಮಸೆಯಬೇಕು. ಹೊರಮೈಯನ್ನು ಎರಡು ಸಲ ಎಣ್ಣೆಕಲ್ಲಿನ ಮೇಲೆ ಎಳೆದರೆ ಸಾಕು. ಜಾಸ್ತಿ ಉಜ್ಜಿದರೆ 10ರ ಉಳಿ 10 ಆಗಿ ಉಳಿಯುವುದಿಲ್ಲ. ಕೆಲಸ ಮುಗಿದ ಮೇಲೆ ಮೆಷಿನ್ ಎಣ್ಣೆ ಸವರಿ ಬಟ್ಟೆ ಸುತ್ತಿಡಿ. ಕಕ್ಕಡದ ಮಳೆಯಲ್ಲಿ ಬೆಂಚಿನ ಮೇಲೆ ಮರೆತುಬಿಟ್ಟ ನನ್ನ 6ರ ಉಳಿ ಮೂರೇ ದಿನಕ್ಕೆ ಕೆಂಪಾಗಿತ್ತು.