ಘಟ್ಟದ ಮೇಲಿನವರಿಗೆ ಸ್ಕೂಬಾ ಪಾಠ

ಸಂಪಾಜೆ ಘಾಟಿ ಇಳಿಯುವಾಗ ಕಿವಿ ಕಟ್ಟಿಕೊಳ್ಳುವುದು, ಎಂಜಲು ನುಂಗಿದರೆ ಟಪ್ಪೆಂದು ಬಿಡುವುದು ಕೊಡಗಿನವರಿಗೆ ಹೊಸದಲ್ಲ. ಮಡಿಕೇರಿಯಿಂದ ಮಂಗಳೂರಿನ ಕಡಲ ದಡ ಮುಟ್ಟುವಷ್ಟರಲ್ಲಿ ಗಾಳಿಯ ಒತ್ತಡ ಎಷ್ಟು ಏರುತ್ತದೋ, ಅಷ್ಟು ಒತ್ತಡ ನೀರಿನಲ್ಲಿ ಸುಮಾರು 1.3 ಮೀಟರ್ ಇಳಿದರೆ ಸಾಕು, ಏರಿಬಿಡುತ್ತದೆ. ರಸ್ತೆಯಲ್ಲಿ ಗಂಟೆಗಟ್ಟಲೆ ಹಿಡಿಯುವುದು ಈಜುಕೊಳದಲ್ಲಿ ಕೆಲವೇ ಸೆಕೆಂಡಿನ ಕೆಲಸ. ಹಾಗಾಗಿ ಸ್ಕೂಬಾ, ಅಂದರೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿಗಿಳಿಯುವುದನ್ನು ಕಲಿಯುವ ಹೊಸಬರಿಗೆ ಮೊದಲು ಕಲಿಸಬೇಕಾದದ್ದು ಕಿವಿಯ ಪಾಠ.

ಕಣ್ಣು, ಮೂಗು ಮುಚ್ಚುವ ಮಾಸ್ಕಿನ ಮೇಲಿಂದಲೇ ಮೂಗು ಹಿಡಿದು, ಮೆಲ್ಲಗೆ ಮೂಗಿನೊಳಗೆ ಗಾಳಿ ಒತ್ತಬೇಕು. ತಲೆ ಮುಳುಗುವ ಮೊದಲೇ ಒಮ್ಮೆ, ಆಮೇಲೆ ಅರ್ಧ ಮೀಟರಿಗೊಮ್ಮೆ. ನೋವು ಶುರುವಾಗುವವರೆಗೆ ಕಾದರೆ ತಡವಾಯಿತೆಂದೇ ಲೆಕ್ಕ. ಮೂಗಿನ ಹಿಂಬದಿಯಿಂದ ಕಿವಿಗೆ ಹೋಗುವ ನಾಳ ಅಷ್ಟರಲ್ಲಿ ಒತ್ತಡಕ್ಕೆ ಮುಚ್ಚಿಕೊಂಡಿರುತ್ತದೆ. ಆಗ ಜೋರಾಗಿ ಊದಿದರೆ ನಾಳ ತೆರೆಯುವುದಿಲ್ಲ, ಕಿವಿಗೆ ಪೆಟ್ಟಾಗುತ್ತದೆ. ಅರ್ಧ ಮೀಟರ್ ಮೇಲೆ ಬಂದು ಮತ್ತೆ ಪ್ರಯತ್ನಿಸಬೇಕು. ತಲೆ ಕೆಳಗಾಗಿ ಇಳಿಯುವುದಕ್ಕಿಂತ ಕಾಲು ಕೆಳಗಾಗಿ ಇಳಿದರೆ ಕಿವಿ ಸುಲಭವಾಗಿ ಬಿಡುತ್ತದೆ. ಮಳೆಗಾಲದ ನೆಗಡಿ ಇದ್ದಾಗ ಮಾತ್ರೆ ನುಂಗಿ ನೀರಿಗಿಳಿಯುವವರಿದ್ದಾರೆ. ನೀರಿನಡಿ ಇರುವಾಗಲೇ ಮಾತ್ರೆಯ ಪ್ರಭಾವ ಮುಗಿದುಹೋದರೆ ಒಳಗಿನ ಗಾಳಿ ಸಿಕ್ಕಿಕೊಂಡು, ಮೇಲೆ ಬರುವಾಗ ನೋವು ಕೊಡುತ್ತದೆ. ನೆಗಡಿ ಇದ್ದರೆ ಆ ದಿನದ ಪಾಠ ಬೇಡ, ಅಷ್ಟೇ.

ಎರಡನೆಯದು ಉಸಿರು. ಈಜು ಬಾರದವರಿಗಿಂತ ಹೊಳೆಯಲ್ಲಿ ಮುಳುಗು ಹಾಕುತ್ತಾ ಬೆಳೆದವರಿಗೆ ಇದನ್ನು ಕಲಿಸುವುದೇ ಹೆಚ್ಚು ಕಷ್ಟ ಎಂಬುದು ನನ್ನ ಅಭಿಪ್ರಾಯ. ಕಾವೇರಿಯಲ್ಲಿ ಉಸಿರು ಕಟ್ಟಿ ಮುಳುಗುವವರು ಮೇಲಿನ ಗಾಳಿಯನ್ನೇ ಒಳಗೆ ಒಯ್ದಿರುತ್ತಾರೆ; ಮೇಲೆ ಬಂದಾಗ ಅದು ಮೊದಲಿನ ಅಳತೆಗೇ ಮರಳುತ್ತದೆ. ಸಿಲಿಂಡರ್ ಕಟ್ಟಿದವರು ಕೆಳಗಿನ ಒತ್ತಡದ ಗಾಳಿಯನ್ನು ಉಸಿರಾಡುತ್ತಾರೆ. ಕಡಲಲ್ಲಿ 10 ಮೀಟರ್ ಆಳದಿಂದ ಮೇಲೆ ಬರುವಷ್ಟರಲ್ಲಿ ಆ ಗಾಳಿ ಎರಡು ಪಟ್ಟು ಹಿಗ್ಗುತ್ತದೆ. ಶ್ವಾಸಕೋಶ ತುಂಬಿಕೊಂಡು ಉಸಿರು ಕಟ್ಟಿದ್ದರೆ ಒಂದೂಕಾಲು ಮೀಟರ್ ಏರಿದರೂ ಅದು ಹರಿಯಬಹುದು. ಅಂದರೆ ನಾಲ್ಕೈದು ಅಡಿಯ ಕೊಳವೂ ಈ ವಿಷಯದಲ್ಲಿ ಸುರಕ್ಷಿತವಲ್ಲ. ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವ ರೆಗ್ಯುಲೇಟರ್ ಬಾಯಿಂದ ಹೊರಗಿದ್ದಾಗಲೆಲ್ಲ ಸಣ್ಣ ಗುಳ್ಳೆಗಳು ಹೊರಡುತ್ತಿರಬೇಕು. ಗುಳ್ಳೆ ನಿಂತರೆ ತಕ್ಷಣ ತಡೆದು, ಮೊದಲಿನಿಂದ ಮಾಡಿಸುವುದು ಒಳ್ಳೆಯದು.

ಮಾಸ್ಕಿಗೆ ನೀರು ನುಗ್ಗಿದಾಗ ಗಾಬರಿಯಾಗುವುದು ಮೂಗಿನಿಂದ ಉಸಿರೆಳೆಯುವ ಅಭ್ಯಾಸದಿಂದ. ಆದ್ದರಿಂದ ಮೊದಲು ಮಾಸ್ಕ್ ಇಲ್ಲದೆ ಮುಖವನ್ನಷ್ಟೇ ನೀರಿಗಿಟ್ಟು, ಒಂದು ನಿಮಿಷ ರೆಗ್ಯುಲೇಟರಿನಲ್ಲೇ ಉಸಿರಾಡಿಸಬೇಕು. ಅದು ಬಂದ ಮೇಲೆ ನೀರು ತೆಗೆಯುವುದು ಸುಲಭ: ಮಾಸ್ಕಿನ ಮೇಲಂಚನ್ನು ಹಣೆಗೆ ಒತ್ತಿ, ಮುಖ ತುಸು ಮೇಲೆತ್ತಿ, ಮೂಗಿನಿಂದ ನಿಧಾನವಾಗಿ ಗಾಳಿ ಬಿಡಬೇಕು. ದಪ್ಪ ಮೀಸೆಯವರ ಮಾಸ್ಕ್ ಸ್ವಲ್ಪ ಸೋರಿಯೇ ಸೋರುತ್ತದೆ. ಮೀಸೆಗೆ ವ್ಯಾಸಲೀನ್ ಹಚ್ಚಿದರೆ ಕಡಿಮೆಯಾಗುತ್ತದೆ. ಇನ್ನು ಹೆಬ್ಬೆರಳು ಎತ್ತಿ ತೋರಿಸಿದರೆ ನೀರಿನೊಳಗೆ 'ಮೇಲೆ ಹೋಗೋಣ' ಎಂದರ್ಥ. 'ಸೂಪರ್' ಎನ್ನಲು ಹೆಬ್ಬೆರಳೆತ್ತಿ ಪಾಠ ಅರ್ಧಕ್ಕೇ ಮುಗಿಸಿಕೊಳ್ಳುವವರಿಗೆ ಕೊರತೆಯಿಲ್ಲ.

ತೇಲದೆ ಮುಳುಗಲೆಂದು ಕಟ್ಟಿಕೊಳ್ಳುವ ಸೀಸದ ತೂಕ ಕೊಳದಲ್ಲಿ ಸರಿಹೋದರೂ ಕಡಲಿನಲ್ಲಿ ಸಾಲುವುದಿಲ್ಲ. ಉಪ್ಪು ನೀರು ಸಿಹಿ ನೀರಿಗಿಂತ ಸುಮಾರು ಶೇ 2.5ರಷ್ಟು ಭಾರ. ಸಲಕರಣೆ ಸೇರಿ 90 ಕೆ.ಜಿ. ತೂಗುವವರಿಗೆ ಹೆಚ್ಚುಕಮ್ಮಿ ಎರಡು ಕೆ.ಜಿ. ಹೆಚ್ಚು ಬೇಕು. ಸಿಲಿಂಡರಿನಲ್ಲಿರುವುದು ನಾವು ಉಸಿರಾಡುವ ಮಾಮೂಲಿ ಗಾಳಿಯೇ, ಬರೀ ಆಮ್ಲಜನಕವಲ್ಲ. 11 ಲೀಟರಿನ ಸಿಲಿಂಡರಿಗೆ 200 ಬಾರ್ ಒತ್ತಡಕ್ಕೆ (ಒಂದು ಬಾರ್ ಎಂದರೆ ಹೆಚ್ಚುಕಮ್ಮಿ ಕಡಲ ಮಟ್ಟದ ಗಾಳಿಯ ಒತ್ತಡ) ತುಂಬಿದರೆ 2,200 ಲೀಟರ್ ಗಾಳಿ, ಅದರ ತೂಕವೇ ಎರಡೂವರೆ ಕೆ.ಜಿ.ಗೂ ಹೆಚ್ಚು. ಅದು ಖರ್ಚಾದಂತೆ ಡೈವರ್ ಹಗುರಾಗಿ ತೇಲತೊಡಗುತ್ತಾನೆ. ತೂಕದ ಪರೀಕ್ಷೆಯನ್ನು ಸಿಲಿಂಡರಿನ ಒತ್ತಡ 50 ಬಾರ್‌ಗೆ ಇಳಿದಾಗ ಮಾಡಬೇಕೆನ್ನುವುದು ಇದಕ್ಕೇ. ಆಗ, ತೇಲಲೆಂದು ಗಾಳಿ ತುಂಬುವ ಜಾಕೆಟ್ಟಿನ ಗಾಳಿ ಪೂರ್ತಿ ಬಿಟ್ಟು, ಸಹಜ ಉಸಿರು ಹಿಡಿದು ನಿಂತರೆ ನೀರು ಕಣ್ಣಿನ ಮಟ್ಟಕ್ಕಿರಬೇಕು, ಉಸಿರು ಬಿಟ್ಟಾಗ ಮುಳುಗಬೇಕು. ಪರೀಕ್ಷೆಗಷ್ಟೇ ಈ ಉಸಿರು ಹಿಡಿಯುವುದು, ಅದೂ ನೀರಿನ ಮೇಲೆ.

ಕೊಡಗಿನವರು ಕಡಲ ಡೈವಿಂಗಿಗೆ ಸಾಮಾನ್ಯವಾಗಿ ಹೋಗುವುದು ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪಕ್ಕೆ. ಮಳೆಗಾಲದಲ್ಲಿ ಅಲ್ಲಿ ಡೈವಿಂಗ್ ಇರುವುದಿಲ್ಲ. ಕಾಫಿ ಕೊಯ್ಲು ಮುಗಿದ ಮೇಲೆ ಹೊರಡುವುದು ತೋಟದವರಿಗೆ ಅನುಕೂಲ. ಹೆಚ್ಚಿನವರ ಲೆಕ್ಕಾಚಾರ ಹೀಗಿರುತ್ತದೆ: ಬೆಳಿಗ್ಗೆ ಡೈವ್, ಮಧ್ಯಾಹ್ನ ಮೀನೂಟ, ರಾತ್ರಿಯೊಳಗೆ ಮನೆ. ತೊಂದರೆ ಇರುವುದು ಇಲ್ಲೇ.

ಆಳದಲ್ಲಿ ಉಸಿರಾಡಿದಾಗ ನೈಟ್ರೋಜನ್ ರಕ್ತ, ಮಾಂಸಗಳಲ್ಲಿ ಕರಗಿ ನಿಲ್ಲುತ್ತದೆ. ಹೊರಗಿನ ಒತ್ತಡ ಬೇಗ ಇಳಿದರೆ ಅದು ಗುಳ್ಳೆಗಟ್ಟುತ್ತದೆ. ಡೈವ್ ಆದ ಮೇಲೆ ವಿಮಾನ ಹತ್ತಬಾರದೆಂದು ಎಲ್ಲ ಕೋರ್ಸಿನಲ್ಲೂ ಹೇಳುತ್ತಾರೆ: ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಹಲವು ಡೈವ್ ಆದರೆ 18 ಗಂಟೆ. ಡೈವರ್‌ಗಳ ಸುರಕ್ಷತೆಯ ಸಂಸ್ಥೆಯಾದ ಡೈವರ್ಸ್ ಅಲರ್ಟ್ ನೆಟ್‌ವರ್ಕಿನ ಈ ಸಲಹೆ ಅನ್ವಯಿಸುವುದು 2,000ದಿಂದ 8,000 ಅಡಿ ಎತ್ತರದಲ್ಲಿ ಇರುವಂಥ ಒತ್ತಡಕ್ಕೆ. ಮಡಿಕೇರಿ ಇರುವುದು ಸುಮಾರು 3,800 ಅಡಿಯಲ್ಲಿ. ಕುಶಾಲನಗರ, ವಿರಾಜಪೇಟೆಗಳೂ 2,000 ಅಡಿಗಿಂತ ಸಾಕಷ್ಟು ಮೇಲೆಯೇ. ದೇಹಕ್ಕೆ ವಿಮಾನವೂ ಒಂದೇ, ಘಾಟಿಯೂ ಒಂದೇ.

ಆದ್ದರಿಂದ ಡೈವಿಂಗನ್ನು ಪ್ರವಾಸದ ಮೊದಲ ದಿನಕ್ಕೇ ಇಟ್ಟುಕೊಳ್ಳಿ, ಆ ರಾತ್ರಿ ಕರಾವಳಿಯಲ್ಲೇ ಉಳಿಯಿರಿ. ಗುಳ್ಳೆಗಟ್ಟಿದ್ದರ ಲಕ್ಷಣಗಳಾದ ಕೀಲು ನೋವು, ಕೈಕಾಲು ಜೋಮು, ಕಾರಣವಿಲ್ಲದ ಸುಸ್ತು ಕಂಡರೆ ಮಲಗಿಸಿ, ಶುದ್ಧ ಆಮ್ಲಜನಕ ಕೊಡಿಸಿ, ಕರಾವಳಿಯಲ್ಲೇ ಇರುವ ದೊಡ್ಡ ಆಸ್ಪತ್ರೆಗೆ ಒಯ್ಯಿರಿ. ಎಷ್ಟು ಆಳ, ಎಷ್ಟು ಹೊತ್ತು, ಯಾವಾಗ ಮೇಲೆ ಬಂದದ್ದು ಎಂಬುದನ್ನು ವೈದ್ಯರಿಗೆ ಹೇಳಿ. ಊರಿನ ಡಾಕ್ಟರಿಗೇ ತೋರಿಸೋಣವೆಂದು ಘಟ್ಟ ಹತ್ತಿಸಬೇಡಿ.