ಸಂಪಾದಕೀಯ: ಪುಟದ ಹೆಸರಲ್ಲ, ಬರಹದ ಹೆಸರು

ತರಗತಿಯಲ್ಲಿ ಪತ್ರಿಕೆ ಓದಿಸಲು ಮಾಡಿದ ಚಟುವಟಿಕೆ ಹಾಳೆಯೊಂದರಲ್ಲಿ ಮತ್ತೆ ಅದೇ ಸಾಲು ಕಂಡಿತು: ‘ನಿಮಗಿಷ್ಟವಾದ ಲೇಖಕರ ಸಂಪಾದಕೀಯ ಕತ್ತರಿಸಿ ಅಂಟಿಸಿ.’ ಅಪರೂಪಕ್ಕೆ ಸಂಪಾದಕರು ಹೆಸರು ಹಾಕಿ ಮುಖಪುಟದಲ್ಲಿ ಬರೆಯುವುದುಂಟು. ಅದನ್ನು ಬಿಟ್ಟರೆ, ಲೇಖಕರ ಹೆಸರಿರುವುದು ಸಂಪಾದಕೀಯವಲ್ಲ. ಅಂಕಣ ಇರಬಹುದು, ಲೇಖನ ಇರಬಹುದು, ಓದುಗರ ಪತ್ರ ಇರಬಹುದು. ಒಂದೇ ಪುಟದಲ್ಲಿ ಅಕ್ಕಪಕ್ಕ ಅಚ್ಚಾದ ಮಾತ್ರಕ್ಕೆ ಎಲ್ಲವೂ ಸಂಪಾದಕೀಯ ಆಗುವುದಿಲ್ಲ, ಅಲ್ವಾ?

‘ಭಾರತ’ದಿಂದ ‘ಭಾರತೀಯ’ ಆದ ಹಾಗೆ ‘ಸಂಪಾದಕ’ದಿಂದ ‘ಸಂಪಾದಕೀಯ’. ಸಂಪಾದಕರಿಗೆ ಸೇರಿದ್ದು ಎಂದರ್ಥ. ಸಂಪಾದನೆ ಅಂದ ಕೂಡಲೇ ನಮಗೆ ನೆನಪಾಗುವುದು ದುಡ್ಡು. ಆದರೆ ಸಂಸ್ಕೃತದ ಮೂಲದಲ್ಲಿ ಅದಕ್ಕೆ ಪಡೆಯುವುದು, ನೆರವೇರಿಸುವುದು, ಸಿದ್ಧಪಡಿಸುವುದು ಎಂಬ ಅರ್ಥಗಳೆಲ್ಲ ಇವೆ. ಶರಣರ ವಚನಗಳನ್ನು ಸಂವಾದವಾಗಿ ಜೋಡಿಸಿದ 15ನೇ ಶತಮಾನದ ಗ್ರಂಥ ‘ಶೂನ್ಯಸಂಪಾದನೆ’ಯಲ್ಲಿ ಶೂನ್ಯವನ್ನು ಪಡೆಯುವ ಮಾತಿದೆ, ಗಳಿಕೆಯ ಲೆಕ್ಕವಿಲ್ಲ. ಹಳೆಯ ಓಲೆಗರಿಗಳನ್ನು ಹೋಲಿಸಿ ಕೃತಿಯ ಬರಹ ಸರಿಪಡಿಸುವುದಕ್ಕೂ ಗ್ರಂಥ ಸಂಪಾದನೆ ಎನ್ನುತ್ತೇವೆ. ಪತ್ರಿಕೆಯ ಸಂಪಾದಕರು ಈ ಅರ್ಥಕ್ಕೆ ಹತ್ತಿರ. ಬೇರೆಯವರು ಬರೆದದ್ದನ್ನು ಆರಿಸಿ, ತಿದ್ದಿ, ಅಚ್ಚಿಗೆ ಸಿದ್ಧ ಮಾಡುವವರು ಅವರು. ಪತ್ರಿಕೆ ತನ್ನದೇ ನಿಲುವು ಹೇಳಲು ಇಟ್ಟುಕೊಂಡ ಜಾಗ ಸಂಪಾದಕೀಯ. ಅದನ್ನು ಸಂಪಾದಕರೇ ಬರೆಯಬೇಕೆಂದಿಲ್ಲ, ಸಹಾಯಕ ಸಂಪಾದಕರೂ ಬರೆಯುತ್ತಾರೆ. ಯಾರೇ ಬರೆದರೂ ಮಾತು ಪತ್ರಿಕೆಯದು. ಹೆಸರು ಹಾಕದಿರುವುದು ಅದಕ್ಕೇ.

ಆ ಜಾಗಕ್ಕೆ ಎಷ್ಟು ತೂಕವಿದೆ ಎಂದು ಮಕ್ಕಳಿಗೆ ಹೇಳಲು ತುರ್ತು ಪರಿಸ್ಥಿತಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಸೆನ್ಸಾರ್ ಬಂದ ಮೇಲೆ, 1975ರ ಜೂನ್ 28ರಂದು, ‘ಇಂಡಿಯನ್ ಎಕ್ಸ್‌ಪ್ರೆಸ್’ ಸಂಪಾದಕೀಯದ ಜಾಗವನ್ನು ಖಾಲಿ ಬಿಟ್ಟಿತು. ಅಂಕಣವೊಂದು ಬರದಿದ್ದರೆ ಅಂಕಣಕಾರರಿಗೆ ಹುಷಾರಿಲ್ಲ ಅಂದುಕೊಳ್ಳಬಹುದು. ಸಂಪಾದಕೀಯ ಖಾಲಿ ಇದ್ದರೆ ಪತ್ರಿಕೆಯ ಬಾಯಿಯನ್ನೇ ಕಟ್ಟಿದ್ದಾರೆ ಎಂದು ಓದುಗರಿಗೆ ಗೊತ್ತಾಗುತ್ತದೆ.

ಇನ್ನೊಂದು ಗೊಂದಲ ಪರೀಕ್ಷೆಯದು. ಪತ್ರಲೇಖನದಲ್ಲಿ ‘ಸಂಪಾದಕರಿಗೆ ಪತ್ರ’ ಬರುತ್ತದೆ. ಅದನ್ನು ಬರೆದ ಮಕ್ಕಳು ‘ಸಂಪಾದಕೀಯ ಬರೆದೆ’ ಎನ್ನುತ್ತಾರೆ, ಯಾರೂ ತಿದ್ದುವುದಿಲ್ಲ. ಸಂಪಾದಕರಿಗೆ ಬರೆದದ್ದು ಬೇರೆ, ಸಂಪಾದಕರ ಕಡೆಯಿಂದ ಬಂದದ್ದು ಬೇರೆ. ತಿದ್ದಲು ಒಂದು ನಿಮಿಷವೂ ಬೇಡ.

ಸಂಪಾದಕೀಯವನ್ನು ಅಕ್ಷರ ದುಂಡಗಾಗಲಿ ಅಂತ ಸುಮ್ನೆ ಕಾಪಿ ಬರೆಸುವುದನ್ನೂ ದಯವಿಟ್ಟು ನಿಲ್ಲಿಸಿ. ಐದನೇ ತರಗತಿಗೆ ಅದು ಬೇಡವೇ ಬೇಡ. ಅಡಿಕೆಯ ಪೇಟೆ ಧಾರಣೆ ಕೊಡಿ, ಕ್ವಿಂಟಲ್ ದರದಿಂದ ಕೆಜಿ ದರ ತೆಗೆಯಲಿ. ಹೈಸ್ಕೂಲಿನವರಿಗೆ ಒಂದೇ ವಿಷಯದ ವರದಿ ಮತ್ತು ಸಂಪಾದಕೀಯ ಎರಡನ್ನೂ ಕೊಡಿ. ‘ಆಗಿದೆ’, ‘ಹೇಳಿದರು’ ಎಂಬ ಸಾಲುಗಳು ವರದಿಯಲ್ಲಿ ಜಾಸ್ತಿ. ‘ಆಗಬೇಕು’, ‘ಸರಿಯಲ್ಲ’ ಎಂಬವು ಸಂಪಾದಕೀಯದಲ್ಲಿ ಜಾಸ್ತಿ. ಮಕ್ಕಳೇ ಅಡಿಗೆರೆ ಹಾಕಲಿ. ಆಮೇಲೆ ಪ್ರತಿ ‘ಆಗಬೇಕು’ಗೂ ಪತ್ರಿಕೆ ಕಾರಣ ಕೊಟ್ಟಿದೆಯಾ ಎಂದು ಹುಡುಕಲಿ. ಕಾರಣ ಸಿಗದ ಕಡೆ ಪ್ರಶ್ನಾರ್ಥಕ ಚಿಹ್ನೆ ಹಾಕಲಿ.